ಮೇಲೆ ಆರು, ಒಳಗೆ ಎಂಟು

ಅರುಣಗಿರಿಯ ಷರ್ಟಿನ ಜೇಬಿನಲ್ಲಿ ನಾಲ್ಕು ಪೆನ್ನು ಮತ್ತು ಒಂದು ಪುಟ್ಟ ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತಿದ್ದವು. ಪೆನ್ನಿನಿಂದ ಬರೆದದ್ದನ್ನು ನೋಡಿದ್ದೇನೆ. ಸ್ಕ್ರೂಡ್ರೈವರಿನಿಂದ ಅವನು ಒಂದು ಸ್ಕ್ರೂ ತಿರುಗಿಸಿದ್ದನ್ನು ನಾನಂತೂ ಕಂಡಿಲ್ಲ. ಊಟಕ್ಕೆ ಬಗ್ಗಿದಾಗ ಅದು ಜಾರಿ ಸಾಂಬಾರಿಗೆ ಬೀಳುತ್ತಿತ್ತು. ತೆಗೆದು, ಒರೆಸಿ, ಮತ್ತೆ ಜೇಬಿಗೇ ಸಿಕ್ಕಿಸಿಕೊಳ್ಳುತ್ತಿದ್ದ. ಡಾಕ್ಟರ ಕೊರಳಿನ ಕೊಳವೆ ಇದ್ದ ಹಾಗೆ ತನಗೆ ಅದು ಎಂದು ಅವನ ಭಾವನೆ.

ಈರೋಡಿನಲ್ಲಿ ನಮ್ಮದು ಪಾರ್ಸೆಲ್ ಲಾರಿ ಕಂಪನಿ. ಅರಿಸಿನ, ಲುಂಗಿ, ಟವೆಲು, ಜಮಖಾನ, ಯಾರೋ ತಾಯಿ ಮಗಳ ಮನೆಗೆ ಕಳಿಸುವ ಗ್ರೈಂಡರು, ಎಲ್ಲವೂ ನಮ್ಮ ಲಾರಿ ಹತ್ತಿಯೇ ಊರು ದಾಟಬೇಕು. ನಾನು ಬುಕಿಂಗಿನ ಹೆಡ್ ಕ್ಲರ್ಕು, ಮರಗತಂ. ಅರುಣಗಿರಿ ಕಂಪ್ಯೂಟರಿನವನು. ನನಗಿಂತ ವಯಸ್ಸಿನಲ್ಲಿ ದೊಡ್ಡವನಾದರೂ ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ಗೌರವಕ್ಕೆ ಎಂದು ಅವನು ಹೇಳುತ್ತಿದ್ದ. ಕಿರಿಯನಾಗಿ ಕಾಣುವ ಆಸೆಗೆ ಎಂದು ನನಗೆ ಗೊತ್ತಿತ್ತು.

ಮೊದಲಾಳಿ, ಅಂದರೆ ಕಂಪನಿಯ ಯಜಮಾನ, ಚೆನ್ನಿಯಪ್ಪನ್ ಒಂದೇ ಲಾರಿಯಲ್ಲಿ ಅರಿಸಿನ ಹೊತ್ತು ಶುರು ಮಾಡಿದ ಮನುಷ್ಯ. ದುಡಿಮೆಯಲ್ಲಿ ಎತ್ತು, ಬುದ್ಧಿಯಲ್ಲೂ ಹೆಚ್ಚು ಕಡಿಮೆ ಅದೇ. ತಾನು ಬೆಳೆದದ್ದು ಬೆವರಿನಿಂದ ಎಂದು ಅವರು ಒಪ್ಪುತ್ತಿರಲಿಲ್ಲ, ನಂಬರಿನಿಂದ ಎನ್ನುತ್ತಿದ್ದರು. ಆರು ಅವರ ಅದೃಷ್ಟದ ಅಂಕಿ. ಎಂಟು ಶನಿಯದು. ಕೂಡಿದರೆ ಎಂಟು ಬರುವ ನಂಬರಿನ ಒಂದು ಲಾರಿಯೂ ನಮ್ಮಲ್ಲಿರಲಿಲ್ಲ. ಹೊಸ ಬಿಲ್ ಪುಸ್ತಕ ಬಂದರೆ ಎಂಟನೆಯ ಹಾಳೆ ಹರಿದು ಒಲೆಗೆ ಹಾಕುವುದು ನನ್ನ ಕೆಲಸ. ಮುರುಗವೇಲ್ ಎಂಬ ಡ್ರೈವರು ಕೆಲಸ ಕೇಳಿಕೊಂಡು ಬಂದಾಗ ಎಂಟನೇ ತಾರೀಖು ಹುಟ್ಟಿದವನು ಎಂದು ವಾಪಸು ಕಳಿಸಿದರು. ಅವನು ಮರುದಿನ ಬಂದು, ಅವ್ವನನ್ನು ಕೇಳಿದೆ, ಒಂಬತ್ತನೇ ತಾರೀಖಂತೆ ಎಂದ. ಸ್ಟೀರಿಂಗು ಸಿಕ್ಕಿತು. ನಮ್ಮ ಕಂಪನಿಯಲ್ಲಿ ಸತ್ಯ ನಡೆಯುತ್ತಿದ್ದದ್ದು ಹೀಗೆ.

ಇಂಥ ಕಡೆ ಅರುಣಗಿರಿ ಬಲು ಸುಖವಾಗಿದ್ದ, ಏಕೆಂದರೆ ಆಗಲ್ಲ ಎಂಬ ಪದ ಅವನ ಬಾಯಲ್ಲಿರಲಿಲ್ಲ. ಮೊದಲಾಳಿ ಏನೇ ಅಂದರೂ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದ. ಹೊರಗೆ ಬಂದು ನನ್ನೆದುರು ಮಾತ್ರ, ಸೈನ್ಸ್ ಓದಿದ ನಾನು ಈ ಮೂಢರ ನಡುವೆ ಬದುಕಬೇಕಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದ. ನಿಟ್ಟುಸಿರು ಬಿಟ್ಟವನೇ ಒಳಗೆ ಹೋಗಿ ಮತ್ತೆ ತಲೆಯಾಡಿಸುತ್ತಿದ್ದ.

ಅವನಿಗಿದ್ದದ್ದು ಒಂದೇ ಆಸೆ, ಗಾಜಿನ ಕೋಣೆ. ಮೊದಲಾಳಿಯ ಕೋಣೆಯ ಪಕ್ಕದಲ್ಲಿದ್ದ ಆ ಕೋಣೆ ಹಳೆಯ ಮ್ಯಾನೇಜರು ತೀರಿಕೊಂಡ ಮೇಲೆ ಖಾಲಿ ಬಿದ್ದಿತ್ತು. ಅರುಣಗಿರಿಯ ಮೇಜು ಮೆಟ್ಟಿಲ ಕೆಳಗೆ, ನೀರಿನ ಡ್ರಮ್ಮಿಗೂ ಕಕ್ಕಸಿಗೂ ನಡುವೆ. ಅವನ ಹೆಂಡತಿ ಪೂಂಗೊಡಿಯ ಅಣ್ಣ ಬ್ಯಾಂಕಿನಲ್ಲಿ ಗಾಜಿನ ಕೋಣೆಯಲ್ಲಿ ಕೂರುವವನು. ಮದುವೆ, ಮುಂಜಿ, ಕಿವಿ ಚುಚ್ಚುವುದು, ಯಾವುದಕ್ಕೆ ಹೋದರೂ ಆ ಕೋಣೆಯ ಮಾತು ಬರುತ್ತಿತ್ತಂತೆ. ಇವನು ಆಗಲೇ ನೆಂಟರ ಮುಂದೆ ತಾನು ಮ್ಯಾನೇಜರು ಎಂದು ಹೇಳಿಬಿಟ್ಟಿದ್ದ. ನೆಂಟರು ಯಾರಾದರೂ ಪಾರ್ಸೆಲ್ ಕೊಡಲು ಆಫೀಸಿಗೆ ಬಂದರೆ ಓಡಿಹೋಗಿ ಮೆಟ್ಟಿಲ ಮೇಲೆ ನಿಂತು ಮಾತಾಡಿಸಿ, ಅಲ್ಲಿಂದಲೇ ಸಾಗಹಾಕುತ್ತಿದ್ದ.

ಆ ವರ್ಷ ಪೊಂಗಲಿಗೆ ಮುಂಚೆ ಸರ್ವರು ಕೈಕೊಡತೊಡಗಿತು. ಸರ್ವರೆಂದರೆ ಒಂದು ಉಕ್ಕಿನ ಬೀರುವಿನಲ್ಲಿಟ್ಟಿದ್ದ ದೊಡ್ಡ ಯಂತ್ರ. ಅದರ ಹೊಟ್ಟೆಯಲ್ಲಿ ಕೈಗೆ ಸಿಗದ, ಬರೀ ಲೆಕ್ಕದಲ್ಲೇ ಇರುವ ಇನ್ನೊಂದು ಯಂತ್ರ. ಫೈರ್‌ವಾಲ್ ಅನ್ನುವುದು ಅದೇ, ನಮ್ಮ ಚೆಕ್‌ಪೋಸ್ಟು. ಊರೂರಿನ ಬ್ರಾಂಚುಗಳು ಅದನ್ನು ದಾಟಿಯೇ ನಮ್ಮ ಲೆಕ್ಕದೊಳಗೆ ಬರಬೇಕು. ಅದು ಮಲಗಿದರೆ ಕರೂರಿನಲ್ಲಿ ಒಂದು ಮೂಟೆಗೂ ಬಿಲ್ಲು ಹುಟ್ಟದು. ಅದರ ಲೈಸೆನ್ಸನ್ನು ಚೆನ್ನೈನ ಒಂದು ಕಂಪನಿಯಿಂದ ಕೊಂಡದ್ದು. ಅದನ್ನು ಕೊಂಡ ದಿನ ಮೊದಲಾಳಿ ಮಧ್ಯಾಹ್ನದ ಊಟ ಬಿಟ್ಟಿದ್ದರು. ಈಗ ಹೊಸ ಸರ್ವರು ಬೇಕು ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ, ಲೈಸೆನ್ಸು ಮತ್ತೆ ಕೊಳ್ಳಬೇಕೇ ಎಂಬುದು.

ಅರುಣಗಿರಿ ಎದೆಯುಬ್ಬಿಸಿ ನಿಂತ. ಅವನಿಗೆ ನಿಜವಾಗಿ ಗೊತ್ತಿದ್ದ ಒಂದು ವಿಷಯವನ್ನು ಕಡೆಗೂ ಒಬ್ಬರು ಕೇಳಿದ್ದರು.

“ಲಾರಿಗೆ ಬಾಡಿ ಬದಲಾಯಿಸ್ತೀವಿ, ಇಂಜಿನ್ ಬದಲಾಯಿಸ್ತೀವಿ. ಚಾಸಿ ನಂಬರ್ ಹಳೇದೇ ಇದ್ರೆ ಆರ್‌ಸಿ ಬುಕ್ಕು ನಡೀತದೆ ಅಲ್ವಾ ಅಯ್ಯಾ? ಇದೂ ಅಷ್ಟೇ. ಹೊಸ ಸರ್ವರ್ ತರೋಣ, ಮೆಮೊರಿ ಹೆಚ್ಚು ಹಾಕೋಣ, ಡಿಸ್ಕು ದೊಡ್ಡದು ಮಾಡೋಣ. ಫೈರ್‌ವಾಲಿನ ನೆಟ್‌ವರ್ಕ್ ಕಾರ್ಡಿಗೆ ಒಂದು ನಂಬರ್ ಇದೆ. ಅದೊಂದನ್ನ ಹಳೇದೇ ಇಟ್ರೆ ಸಾಕು. ದೇಹ ಬದಲಾಗಿದ್ದು ಲೈಸೆನ್ಸಿಗೆ ಗೊತ್ತೇ ಆಗಲ್ಲ.”

ಅಷ್ಟಕ್ಕೆ ನಿಲ್ಲಿಸಿದ್ದರೆ ಅವನು ಬದುಕಿದ್ದ. ಆದರೆ ಮೊದಲಾಳಿ ಮೆಚ್ಚಿ ನೋಡುತ್ತಿದ್ದರು, ಮೆಚ್ಚುಗೆ ಅವನಿಗೆ ಹೆಂಡದ ಹಾಗೆ.

“ಲಾರಿ ನಂಬರಾದ್ರೆ ಕಬ್ಬಿಣದ ಮೇಲೆ ಕೊರೆದಿರ್ತದೆ. ಇಲ್ಲಿ ಆ ಕಾರ್ಡೇ ಇಲ್ಲ ಅಯ್ಯಾ, ಬರೀ ಲೆಕ್ಕದಲ್ಲಿರೋದು. ನಾನು ಏನು ಟೈಪ್ ಮಾಡ್ತೀನೋ ಅದೇ ಅದರ ನಂಬರು.”

“ಯಾವ ನಂಬರ್ ಬೇಕಾದ್ರೂ?”

“ಯಾವುದು ಬೇಕಾದ್ರೂ.”

ಮೊದಲಾಳಿಯ ಕಣ್ಣು ಹೊಳೆಯಿತು. ಬಿಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡೆ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು.

ಮರುದಿನವೇ ಸಂಖ್ಯಾಶಾಸ್ತ್ರದ ಜ್ಯೋತಿಷಿ ಬಂದರು. ರೇಷ್ಮೆ ಪಂಚೆ, ಬೆರಳಿಗೊಂದು ಉಂಗುರ, ಮೈತುಂಬ ಜವಾದಿ ಗಂಧದ ವಾಸನೆ. ಹಳೆಯ ನಂಬರು ಹನ್ನೆರಡು ಮನೆಯದು, ನಡುನಡುವೆ ಇಂಗ್ಲಿಷ್ ಅಕ್ಷರ. ಅಕ್ಷರಕ್ಕೂ ಅವರ ಶಾಸ್ತ್ರದಲ್ಲಿ ಅಂಕಿಯುಂಟು. ಎಲ್ಲ ಕೂಡಿದರು, ಬಂದದ್ದನ್ನು ಮತ್ತೆ ಕೂಡಿದರು, ಕಣ್ಣು ಮುಚ್ಚಿದರು. ಎಂಟು. ಇಷ್ಟು ವರ್ಷ ಶನಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಕೂತಿದ್ದೀರಿ ಎಂದರು. ಹೊಸ ದೇಹಕ್ಕೆ ಹೊಸ ನಂಬರೇ ಆಗಬೇಕು ಎಂದು, ಕೂಡಿದರೆ ಆರು ಬರುವ ಒಂದು ನಂಬರನ್ನು ವೀಳ್ಯದೆಲೆಯ ಮೇಲೆ ಬರೆದು ಕೊಟ್ಟರು.

ಮೊದಲಾಳಿ ಅರುಣಗಿರಿಯ ಕಡೆ ನೋಡಿ, ಹಾಕ್ತೀಯಾ ಎಂದು ಕೇಳಿದರು.

ಹಳೆಯ ನಂಬರೇ ಇರಬೇಕೆಂದು ನಿನ್ನೆ ಅದೇ ಬಾಯಲ್ಲಿ ಹೇಳಿದ್ದ. ಇವತ್ತು ಅದನ್ನು ಇನ್ನೊಮ್ಮೆ ಹೇಳಬೇಕಿತ್ತು, ಅಷ್ಟೇ. ಅವನು ತಲೆಯಾಡಿಸಿದ. ನನಗೆ ಎಷ್ಟು ಸಿಟ್ಟು ಬಂತೆಂದರೆ ತಡೆಯಲಾರದೆ, ನಿನ್ನೆ ಇವರೇ ಹಳೇದು ಇಡಬೇಕು ಅಂದಿದ್ದರಲ್ಲ ಎಂದುಬಿಟ್ಟೆ. ಅರುಣಗಿರಿ ನನ್ನನ್ನು ಸುಡುವ ಹಾಗೆ ನೋಡಿದ. ಮೊದಲಾಳಿ ತಿರುಗಿಯೂ ನೋಡಲಿಲ್ಲ.

“ಮರಗತಂ, ನೀನು ಬಿಲ್ ನೋಡ್ಕೋಮ್ಮಾ.”

ಸರಿ, ನಾನು ಬಿಲ್ಲು ನೋಡಿಕೊಂಡೆ.

ಮೊದಲಾಳಿಯ ಅಪ್ಪಣೆ ಸ್ಪಷ್ಟವಾಗಿತ್ತು. ಪೊಂಗಲ್ ರಜೆಯಲ್ಲಿ ಕೆಲಸ ಮುಗಿಯಬೇಕು. ರಜೆ ಕಳೆದು ಬಾಗಿಲು ತೆಗೆಯುವ ಹೊತ್ತಿಗೆ ಎಲ್ಲ ಬ್ರಾಂಚೂ ನಡೆಯಬೇಕು. ಲೈಸೆನ್ಸಿಗೆ ಮತ್ತೆ ಒಂದು ಕಾಸು ಕೊಡುವುದಿಲ್ಲ. ನಂಬರು ಆರಾಗಬೇಕು. ಇಷ್ಟೂ ನಡೆದರೆ ಗಾಜಿನ ಕೋಣೆ ಅರುಣಗಿರಿಯದು. ಇಲ್ಲದಿದ್ದರೆ ಮೊದಲಾಳಿಯ ಅಳಿಯ ಕದಿರ್‌ವೇಲ್ ಕೂರುತ್ತಾನೆ. ಈ ಕದಿರ್‌ವೇಲ್ ಕೊಯಮತ್ತೂರಿನಲ್ಲಿ ಎಂಜಿನಿಯರಿಂಗ್ ಓದಿದವನು. ಆಫೀಸಿಗೆ ಬಂದಾಗಲೆಲ್ಲ ಆ ಕೋಣೆಯ ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ ನೋಡಿ ಹೋಗುತ್ತಿದ್ದ.

ಮಾಟ್ಟುಪ್ಪೊಂಗಲಿನ ದಿನ, ಬೀದಿಯಲ್ಲಿ ಕೊಂಬಿಗೆ ಬಣ್ಣ ಬಳಿದ ಹಸುಗಳು ಹೋಗುತ್ತಿರುವಾಗ, ನಾನು ಹಬ್ಬದ ಅಡುಗೆ ಬಿಟ್ಟು ಆಫೀಸಿನ ಬೀಗ ತೆಗೆದೆ. ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು, ಬಿಲ್ಲು ಹುಟ್ಟುತ್ತದೋ ಇಲ್ಲವೋ ಎಂದು ಕರೂರಿಗೆ ಫೋನು ಮಾಡಿ ನೋಡಬೇಕಾದವಳೂ ನಾನೇ. ಅರುಣಗಿರಿ ಹೊಸ ಸರ್ವರಿಗೆ ಕುಂಕುಮ ಇಟ್ಟ, ನಿಂಬೆಹಣ್ಣು ಕಟ್ಟಿದ, ಫೈರ್‌ವಾಲನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸಿದ. ಕೆಲಸ ಚೆನ್ನಾಗಿಯೇ ಮಾಡಿದ, ಇಲ್ಲ ಎನ್ನುವುದಿಲ್ಲ. ಆಮೇಲೆ ಒಣಗಿದ ವೀಳ್ಯದೆಲೆ ನೋಡಿಕೊಂಡು ಆ ನಂಬರು ಟೈಪು ಮಾಡಿದ.

ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಈ ಯಂತ್ರಕ್ಕೆ ಲೈಸೆನ್ಸ್ ಇಲ್ಲ.

ಕರೂರಿನ ಗುಮಾಸ್ತ ಫೋನಿನಲ್ಲಿ, ಒಳಗೇ ಬಿಡ್ತಿಲ್ಲ ಅಕ್ಕಾ ಎಂದ. ಅರುಣಗಿರಿ ಚೆನ್ನೈಗೆ ಫೋನು ಹಚ್ಚಿದ. ಹಬ್ಬದ ದಿನ ಕಾವಲಿಗೆ ಕೂತಿದ್ದ ಯಾರೋ ಆಕಳಿಸುತ್ತ, ನಿಮ್ಮ ಲೈಸೆನ್ಸು ಬೇರೆ ಯಂತ್ರದ್ದು, ಇದು ನಮಗೆ ಹೊಸ ಗಿರಾಕಿ, ಹೊಸದು ಕೊಳ್ಳಿ ಎಂದು ಇಟ್ಟುಬಿಟ್ಟ. ಅರುಣಗಿರಿಯ ಷರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಇನ್ನೊಂದು ಸಲ ಅದೇ ನಂಬರು ಟೈಪು ಮಾಡಿದ, ದೇವರು ಮನಸ್ಸು ಬದಲಾಯಿಸಿರಬಹುದು ಎಂಬ ಹಾಗೆ. ಮತ್ತೆ ಕೆಂಪು.

ಆಮೇಲೆ ಹಳೆಯ ನಂಬರು ಹಾಕಿದ. ನೋಡದೆ ಹಾಕಿದ, ಅದು ಅವನಿಗೆ ಬಾಯಿಪಾಠ. ಪರದೆ ಹಸಿರಾಯಿತು. ಕರೂರಿನಲ್ಲಿ ಬಿಲ್ಲು ಹುಟ್ಟಿತು.

ಹೋಗಿ ಅಯ್ಯನಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಎಂದೆ. ಅವನು ಕುರ್ಚಿಯಿಂದ ಏಳಲಿಲ್ಲ. ನೆಲ ನೋಡಿಕೊಂಡು ಮಾತಾಡಿದ.

“ಅಕ್ಕಾ, ಅಯ್ಯನಿಗೆ ಇದರೊಳಗೆ ಹೋಗಿ ನೋಡೋಕೆ ಬರಲ್ಲ. ಆರರ ನಂಬರನ್ನ ಹೊರಗಡೆ ದೊಡ್ಡದಾಗಿ ಬರೆಸಿಬಿಡ್ತೀನಿ. ನೀವೊಂದು ಮಾತು ಆಡಬೇಡಿ.”

“ನಾನ್ಯಾಕ್ರೀ ಆಡ್ಲಿ? ನಾನು ಬಿಲ್ ನೋಡ್ಕೊಳ್ಳೋಳು.”

ಲಾರಿಗಳಿಗೆ ಬಣ್ಣ ಬರೆಯುವ ರತ್ತಿನಂ ಬಂದು ಬೀರುವಿನ ಪಕ್ಕದ ತಗಡಿನ ಮೇಲೆ ಆ ನಂಬರನ್ನು ಬರೆದ. ಹಳದಿ ಅಕ್ಷರ, ಕೆಂಪು ನೆರಳು, ಎರಡು ಕಡೆಯೂ ತಾವರೆ. ಲಾರಿಯ ಹಿಂದೆ ಬರೆಯುವ ಅಭ್ಯಾಸದಿಂದ ಕೆಳಗೆ ‘ಹಾರನ್ ಮಾಡಿ’ ಎಂದೂ ಬರೆಯಲು ಹೊರಟಿದ್ದ, ನಾನು ತಡೆದೆ. ಮೊದಲಾಳಿ ಪ್ರತಿದಿನ ಬೆಳಿಗ್ಗೆ ಬಂದವರೇ ಆ ನಂಬರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೋಣೆಗೆ ಹೋಗುತ್ತಿದ್ದರು. ಅವರ ಕೈಯ ಎಣ್ಣೆಗೆ ಮೊದಲನೆಯ ತಾವರೆ ಅಳಿಸಿಯೇ ಹೋಯಿತು.

ಅರುಣಗಿರಿಗೆ ಗಾಜಿನ ಕೋಣೆ ಸಿಕ್ಕಿತು. ಪೂಂಗೊಡಿ ಅಣ್ಣನನ್ನು ಕರೆದುಕೊಂಡು ಬಂದು ತೋರಿಸಿದಳು, ಎಲ್ಲರಿಗೂ ಒಬ್ಬಟ್ಟು ಹಂಚಿದಳು. ನಾನೂ ತಿಂದೆ, ಚೆನ್ನಾಗಿತ್ತು. ಗಾಜಿನ ಕೋಣೆಯ ಕಷ್ಟ ಒಳಗೆ ಕೂತವನಿಗೇ ಗೊತ್ತು. ಏಸಿ ನೀರು ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನ ತೂಕಡಿಸಿದರೆ ಇಡೀ ಆಫೀಸಿಗೆ ಕಾಣುತ್ತಿತ್ತು. ಮೆಟ್ಟಿಲ ಕೆಳಗೆ ಯಾರ ಕಣ್ಣಿಗೂ ಬೀಳದೆ ಇಷ್ಟು ವರ್ಷ ನಿದ್ದೆ ಮಾಡಿದವನು ಈಗ ಕಣ್ಣು ಕಿಸಿದುಕೊಂಡು, ಖಾಲಿ ಪರದೆ ನೋಡಿಕೊಂಡು ಕೂರಬೇಕಾಯಿತು.

ಒಂದು ಶನಿವಾರ ಕೋಟೆ ಈಶ್ವರನ ಗುಡಿಯಲ್ಲಿ ಅವನನ್ನು ಕಂಡೆ. ನವಗ್ರಹದ ಮುಂದೆ, ಕಪ್ಪು ಬಟ್ಟೆಯಲ್ಲಿ ಎಳ್ಳು ಗಂಟು ಕಟ್ಟಿ ದೀಪ ಹಚ್ಚುತ್ತಿದ್ದ. ಸೈನ್ಸ್ ಓದಿದ ಅರುಣಗಿರಿ. ಜಾತಕದಲ್ಲಿ ಶನಿಯೇ ಎಂದು ಕೇಳಿದೆ.

“ನಂದಲ್ಲ ಅಕ್ಕಾ,” ಎಂದು ಸುತ್ತ ನೋಡಿ ದನಿ ತಗ್ಗಿಸಿದ. “ಅದರದ್ದು.”

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅರ್ಚಕರು ಬಂದು ಯಾರ ಹೆಸರಿಗೆ ಅರ್ಚನೆ, ನಕ್ಷತ್ರ ಯಾವುದು ಎಂದು ಕೇಳಿದರು. ಅರುಣಗಿರಿ ಸ್ವಲ್ಪ ಯೋಚಿಸಿ ಕಂಪನಿಯ ಹೆಸರು ಹೇಳಿದ. ನಕ್ಷತ್ರಕ್ಕೆ, ಹೊಸ ಸರ್ವರು ಶುರುವಾದ ದಿನದ ನಕ್ಷತ್ರ ಕೊಟ್ಟ. ನಾನು ಕಂಬದ ಹಿಂದೆ ಹೋಗಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗಿರುವುದು ಎಂಟು ಎಂದು ಬಲ್ಲವನು ಅವನೊಬ್ಬ. ಅದಕ್ಕೆ ಹೆದರಿದವನೂ ಅವನೊಬ್ಬನೇ. ಮೊದಲಾಳಿಯಾದರೂ ಸುಳ್ಳನ್ನು ನಂಬಿ ಹಾಯಾಗಿ ನಿದ್ದೆ ಮಾಡುತ್ತಿದ್ದರು.

ವರ್ಷಗಳು ಹೋದವು. ಶನಿ ನಮ್ಮ ಮೇಲೆ ಕೆಂಗಣ್ಣು ಬಿಡಲಿಲ್ಲ. ಲಾರಿಗಳು ದುಪ್ಪಟ್ಟಾದವು, ಅದರ ಮೇಲೂ ಬೆಳೆದವು. ಸೂರತ್ತಿನಲ್ಲಿ ಬ್ರಾಂಚು ತೆರೆದೆವು. ಹಗಲೂ ರಾತ್ರಿ ಲಾರಿ ಓಡಿಸಿದವರು ಮುರುಗವೇಲನಂಥವರು, ಮೂಟೆ ಹೊತ್ತವರು ಹಮಾಲಿಗಳು, ಹೆಸರು ಹೋದದ್ದು ಬೀರುವಿನ ಮೇಲಿನ ಆರಕ್ಕೆ. ಜ್ಯೋತಿಷಿಯ ಫೋಟೋ ಮೊದಲಾಳಿಯ ಗೋಡೆಯ ಮೇಲೆ, ಅವರ ತಂದೆಯ ಫೋಟೋದ ಪಕ್ಕಕ್ಕೇ ಏರಿತು.

ಅರುಣಗಿರಿಗೆ ಮಾತ್ರ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬೇರೆ ಯಾರಾದರೂ ಆ ಸರ್ವರನ್ನು ಮುಟ್ಟಿದರೆ ಗುಟ್ಟು ರಟ್ಟು. ಆದ್ದರಿಂದ ಅವನು ರಜೆ ಹಾಕಲಿಲ್ಲ. ಹೊಸೂರಿನಲ್ಲಿದ್ದ ಮಗಳ ಬಾಣಂತನಕ್ಕೆ ಪೂಂಗೊಡಿ ಒಬ್ಬಳೇ ಹೋದಳು. ಕರೆಂಟು ಹೋಗಿ ಬಂದರೆ ಕೈಯಲ್ಲಿದ್ದ ತುತ್ತು ಬಿಟ್ಟು ಓಡಿಬರುತ್ತಿದ್ದ. ನಿವೃತ್ತಿಯ ವಯಸ್ಸು ದಾಟಿತು. ಇನ್ನು ಸಾಕು ಎಂದು ಹೇಳುವ ಧೈರ್ಯವಿಲ್ಲ, ಅದೂ ಒಂದು ಬಗೆಯಲ್ಲಿ ‘ಆಗಲ್ಲ’ ಎಂದ ಹಾಗೆಯೇ ತಾನೇ. ಜನ ಅವನನ್ನು ನಿಷ್ಠಾವಂತ ಎಂದರು. ಹೊಸದಾಗಿ ಸೇರಿದವರಿಗೆ ಅವನನ್ನು ತೋರಿಸಿ, ಹೀಗೆ ದುಡಿಯಬೇಕು ಎಂದು ಮೊದಲಾಳಿ ಬುದ್ಧಿ ಹೇಳುತ್ತಿದ್ದರು. ಒಂದು ಕೋಣೆಗಾಗಿ ಸುಳ್ಳು ಹೇಳಿದವನು ಆ ಕೋಣೆಯಿಂದ ಆಚೆ ಬರಲಾರದೆ ಮುದುಕನಾದ.

ಕೊನೆಗೆ ಮೊದಲಾಳಿ ಊರುಗೋಲು ಹಿಡಿದರು, ಕಾರುಬಾರು ಕದಿರ್‌ವೇಲನ ಕೈಗೆ ಬಂತು. ಸರ್ವರು ಮತ್ತೆ ಹಳೆಯದಾಗಿತ್ತು. ಅವನು ಹೊಸದು ತರಿಸಿದ, ಅದರ ಜೊತೆಗೇ ಅರುಣಗಿರಿಯನ್ನು ಮನೆಗೆ ಕಳಿಸುವುದನ್ನೂ ತೀರ್ಮಾನಿಸಿದ. ಬರುವ ಭಾನುವಾರ ಕಲ್ಯಾಣಮಂಟಪದಲ್ಲಿ ಸನ್ಮಾನ, ಶಾಲು, ಬೆಳ್ಳಿ ತಟ್ಟೆ, ಇಡೀ ಕಂಪನಿಗೆ ಊಟ. ಪೂಂಗೊಡಿಯ ಅಣ್ಣನಿಗೂ ಕರೆ ಹೋಗಿತ್ತು. ಅರುಣಗಿರಿ ಹಲ್ಲು ಗಿಂಜಿ ಬೇಡಿಕೊಂಡ, ಈ ಒಂದು ಸಲ ತಾನೇ ಸಾಗಿಸಿಕೊಟ್ಟು ಹೋಗುತ್ತೇನೆ ಎಂದ.

“ನೀವು ಮನೆಗೆ ಹೋಗಿ ಆರಾಮಾಗಿರಿ ಮಾಮಾ,” ಎಂದ ಕದಿರ್‌ವೇಲ್. “ಹಳೇ ನಂಬರ್ ಇಡಬೇಕು, ಅಷ್ಟೇ ತಾನೇ? ಕುರುಡನಿಗೂ ಕಾಣೋ ಹಾಗೆ ಬೀರುವಿನ ಮೇಲೆ ಬರೆಸಿದ್ದೀರಲ್ಲ.”

ಓದಿದವನ ಬುದ್ಧಿ ನೋಡಿ. ಯಂತ್ರದ ಒಳಗೊಮ್ಮೆ ಇಣುಕಿ ನೋಡುವುದಕ್ಕೆ ಬದಲು ಲಾರಿ ಪೇಂಟರು ಬರೆದದ್ದನ್ನು ನಂಬಿದ. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಅದರಲ್ಲಿದ್ದ ಅಷ್ಟನ್ನೂ ಒರೆಸಿಹಾಕಿದ. ಎಲ್ಲವನ್ನೂ ಹೊಸದಾಗಿ ಕಟ್ಟಿ, ತಾವರೆಗಳ ನಡುವಿನ ನಂಬರನ್ನು ನೋಡಿ ನೋಡಿ ಟೈಪು ಮಾಡಿದ.

ದೀಪಾವಳಿಯ ಜವಳಿ ಸಾಗುವ ಕಾಲ ಅದು. ಬೆಳಿಗ್ಗೆ ಒಂದೇ ಒಂದು ಬ್ರಾಂಚು ಒಳಗೆ ಬರಲಿಲ್ಲ. ಫೋನುಗಳು ಕಿರುಚಿದವು. ಅಂಗಳದ ತುಂಬ ಲುಂಗಿ ಮೂಟೆ, ಗೇಟಿನ ಹೊರಗೆ ಲಾರಿಗಳ ಸಾಲು, ಬಿಲ್ಲಿಲ್ಲದೆ ಒಂದೂ ಹೊರಡುವ ಹಾಗಿಲ್ಲ. ಕದಿರ್‌ವೇಲ್ ಕಾರು ಕಳಿಸಿ ಅರುಣಗಿರಿಯನ್ನು ಕರೆಸಿದ. ಅವನು ಮನೆಯ ಪಂಚೆಯಲ್ಲೇ ಬಂದ. ಜೇಬಿನಲ್ಲಿ ಪೆನ್ನಿಲ್ಲ, ಸ್ಕ್ರೂಡ್ರೈವರಿಲ್ಲ. ಅದಿಲ್ಲದೆ ಅವನನ್ನು ನೋಡಿದ್ದು ಅದೇ ಮೊದಲು. ಊರುಗೋಲೂರುತ್ತ ಮೊದಲಾಳಿಯೂ ಬಂದು ಬೀರುವಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು.

ನಂಬರು ಸರಿಯಿದೆ, ಆದರೂ ಲೈಸೆನ್ಸು ಸತ್ತಿದೆ, ಏನು ಮಾಡಿಟ್ಟು ಹೋಗಿದ್ದೀರಿ ಎಂದು ಕದಿರ್‌ವೇಲ್ ಹಾರಾಡಿದ. ಅರುಣಗಿರಿ ಕೈ ಮುಗಿದು, ಎಲ್ಲರೂ ಒಂದು ಗಳಿಗೆ ಹೊರಗಿರಿ, ನಾನು ಸರಿಮಾಡುತ್ತೇನೆ ಎಂದ. ಮೊದಲಾಳಿ ಏಳಲಿಲ್ಲ. ಇಲ್ಲೇ ಮಾಡು, ನೋಡುತ್ತೇನೆ ಎಂದರು. ಅವನು ನನ್ನ ಕಡೆ ತಿರುಗಿದ. ನೋಡುವ ಹಾಗಿರಲಿಲ್ಲ ಆ ಮುಖ.

“ಹೇಳಿಬಿಡಿ ಅರುಣಗಿರಿ,” ಎಂದೆ. “ಮೂಟೆ ಕಾಯ್ತಾ ಇವೆ.”

ಅವನು ಹಳೆಯ ನಂಬರನ್ನು ಹೇಳಿದ. ಕಣ್ಣು ಮುಚ್ಚಿಕೊಂಡು, ಒಂದೊಂದೇ ಅಕ್ಷರ, ಒಂದೊಂದೇ ಅಂಕಿ, ಮಂತ್ರ ಹೇಳುವ ಹಾಗೆ. ಕದಿರ್‌ವೇಲ್ ಟೈಪು ಮಾಡಿದ. ಪರದೆ ಹಸಿರಾಯಿತು, ಹೊರಗೆ ಒಂದೊಂದೇ ಫೋನು ಬಾಯಿ ಮುಚ್ಚಿತು. ಆದರೆ ನಾವ್ಯಾರೂ ಅತ್ತ ನೋಡುತ್ತಿರಲಿಲ್ಲ. ಮೊದಲಾಳಿ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತಿದ್ದರು. ಇಷ್ಟು ವರ್ಷದ ಅಭ್ಯಾಸ, ಜ್ಯೋತಿಷಿಯ ಶಾಸ್ತ್ರವೆಲ್ಲ ಅವರಿಗೂ ಬಾಯಿಗೆ ಬಂದಿತ್ತು. ಒಮ್ಮೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಎಂಟು,” ಎಂದರು. “ಆವತ್ತಿಂದ ಇದೇನಾ?”

“ಇದೇ ಅಯ್ಯಾ.”

“ಒಂದು ದಿನಾನೂ ಆರು ಇರಲಿಲ್ವಾ?”

“ಆ ಹಬ್ಬದ ದಿನ ಸ್ವಲ್ಪ ಹೊತ್ತು ಇತ್ತು. ಆಗ ಏನೂ ನಡೀಲಿಲ್ಲ.”

ಇವತ್ತಾದರೂ ಈ ಮುದುಕನಿಗೆ ಕಣ್ಣು ತೆರೆಯಿತು ಎಂದು ನಾನು ಅಂದುಕೊಂಡೆ, ನನ್ನ ಬುದ್ಧಿಗಿಷ್ಟು. ಮೊದಲಾಳಿ ಊರುಗೋಲಿನ ಮೇಲೆ ಗದ್ದ ಊರಿ ಲೆಕ್ಕ ಹಾಕಿದರು. ಲಾರಿ ದುಪ್ಪಟ್ಟಾದದ್ದು ಎಂಟರಲ್ಲಿ. ಸೂರತ್ ತೆರೆದದ್ದು ಎಂಟರಲ್ಲಿ. ಮೊಮ್ಮಗ ಹುಟ್ಟಿದ್ದೂ ಎಂಟರಲ್ಲೇ. ಹಾಗೆ ಹೇಳುತ್ತ ಹೇಳುತ್ತ ಅವರ ಮುಖ ಅರಳಿತು, ಅರಳಿದ್ದು ಹಾಗೇ ಕೆರಳಿತು.

“ಅಯ್ಯೋ ಪಾಪಿ. ನನ್ನ ನಂಬರು ಎಂಟು ಕಣೋ. ಆವತ್ತೇ ಬಾಯಿಬಿಟ್ಟಿದ್ರೆ ಎಲ್ಲಾ ಲಾರಿಗೂ ಎಂಟೇ ಹಾಕಿಸ್ತಿದ್ದೆ. ಒಂದೇ ಒಂದು ಎಂಟಿಗೆ ಇಷ್ಟು ಬಂತು. ಎಷ್ಟು ವರ್ಷದ ಭಾಗ್ಯ ತಿಂದ್ಕೊಂಡೆ ನೀನು.”

ಸುಳ್ಳು ಹೇಳಿದ್ದಕ್ಕೆ ಬೈದಿದ್ದರೆ ನಾನೂ ಒಪ್ಪುತ್ತಿದ್ದೆ. ಅರುಣಗಿರಿ ಏನೋ ಹೇಳಲು ಬಾಯಿ ತೆರೆದ, ಅಭ್ಯಾಸಬಲದಿಂದ ತಲೆಯಾಡಿಸಿಬಿಟ್ಟ. ಸನ್ಮಾನ ನಿಂತಿತು. ಶಾಲು ಅಂಗಡಿಗೆ ವಾಪಸು ಹೋಯಿತು. ಗೇಟಿನವನಿಗೆ, ಇವನನ್ನು ಇನ್ನು ಒಳಗೆ ಬಿಡಬೇಡ ಎಂದು ಅಪ್ಪಣೆಯಾಯಿತು. ಅವನು ಹೊರಗೆ ಹೋಗುವಾಗ ಗಾಜಿನ ಕೋಣೆಯ ಕಡೆ ನೋಡಲೇ ಇಲ್ಲ. ಕದಿರ್‌ವೇಲ್ ಆಗಲೇ ಅದರ ಕುರ್ಚಿಯಲ್ಲಿ ಕೂತು ಒಂದು ಸುತ್ತು ತಿರುಗಿದ್ದ.

ರತ್ತಿನಂ ಮತ್ತೆ ಬಂದ. ಆರನ್ನು ಉಜ್ಜಿ ತೆಗೆದು ಎಂಟಿನ ನಂಬರು ಬರೆದ, ತಾವರೆಗೆ ಹೊಸ ಬಣ್ಣ ಕೊಟ್ಟ. ಜ್ಯೋತಿಷಿಯನ್ನು ಕರೆಸಿ ಕೇಳಿದರೆ ಅವರು ಒಂದಿಷ್ಟೂ ಅಳುಕದೆ, ಶನಿ ಕೊಟ್ಟರೆ ತಡೆಯುವವರಿಲ್ಲ ಎಂದು ನಾನು ಆವತ್ತೇ ಹೇಳಿರಲಿಲ್ಲವೇ ಎಂದರು. ಹುಚ್ಚು ಮುಂಡೆ ಮದುವೆಯಲ್ಲಿ ಉಂಡವನೇ ಜಾಣ. ಬಿಲ್ ಪುಸ್ತಕದ ಎಂಟನೆಯ ಹಾಳೆಯನ್ನು ಈಗ ಹರಿಯುವುದಿಲ್ಲ, ಅರಿಸಿನ ಹಚ್ಚಿ ದೇವರ ಮುಂದಿಡುತ್ತೇನೆ. ಡ್ರೈವರು ಮುರುಗವೇಲ್ ವಾರದೊಳಗೆ ಬಂದು, ಅವ್ವನಿಗೆ ಮರೆವು ಅಯ್ಯಾ, ನಾನು ಹುಟ್ಟಿದ್ದು ನಿಜವಾಗಿ ಎಂಟಕ್ಕೇ ಎಂದ. ಅವನಿಗೆ ಹೊಸ ಲಾರಿ ಸಿಕ್ಕಿತು.

ಮೊನ್ನೆ ಶನಿವಾರ ಗುಡಿಗೆ ಹೋಗಿದ್ದೆ. ನವಗ್ರಹದ ಮುಂದೆ ಅರುಣಗಿರಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಮುಂದೆ ಹಿತ್ತಾಳೆಯ ದೊಡ್ಡ ಹರಿವಾಣ, ಅದರ ತುಂಬ ಎಳ್ಳಿನ ಗಂಟು. ನನಗೆ ರೇಗಿತು. ಶಾಲು ಕಿತ್ತುಕೊಂಡರು, ಗೇಟಿನ ಒಳಗೆ ಬಿಡಲಿಲ್ಲ, ಎಂಟನ್ನು ಅವರೇ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದಾರೆ, ಇನ್ನು ನಿಮಗೇಕ್ರೀ ಈ ಕರ್ಮ ಎಂದು ಬೈದೆ.

“ಅದಕ್ಕೇ ಅಕ್ಕಾ,” ಎಂದ, ಕಡ್ಡಿ ಗೀರುತ್ತ. “ಮೊದಲು ಒಂದೇ ಎಂಟು ಇತ್ತು. ಒಂದು ದೀಪ ಸಾಕಾಗ್ತಿತ್ತು. ಈಗ ಎಲ್ಲಾ ಲಾರಿಗೂ ಹಾಕ್ತಿದ್ದಾರಂತೆ. ಡ್ರೈವರುಗಳು ಮಕ್ಕಳೊಂದಿಗರು.”

ಗಾಳಿ ಬೀಸುತ್ತಿತ್ತು. ಒಂದು ಹಚ್ಚಿದರೆ ಒಂದು ನಂದುತ್ತಿತ್ತು. ಮೂರ್ಖ ಎಂದು ಇನ್ನೊಮ್ಮೆ ಬೈದೆ, ಕೇಳಿಸುವ ಹಾಗೆಯೇ ಬೈದೆ. ಆಮೇಲೆ ಅವನ ಪಕ್ಕದಲ್ಲಿ ಕೂತು, ಹರಿವಾಣಕ್ಕೆ ಗಾಳಿ ತಾಗದ ಹಾಗೆ ಸೆರಗು ಅಡ್ಡ ಹಿಡಿದೆ.